ಬ್ರೇಕ್ ಲಿವರ್, ಶಿಫ್ಟರ್ ಕೊಳ್ಳುವ ಮುನ್ನ

ಸಲಗರ ಬುದ್ರುಕದಿಂದ ಸೈಕಲ್ ಸಾಮಾನಿಗೆ ಅಕ್ಕಲಕೋಟೆ, ಸೊಲ್ಲಾಪುರಕ್ಕೆ ಹೋಗುವವರು ಇದನ್ನು ಗಮನಿಸಿ.

ಬ್ರೇಕ್ ಲಿವರ್‌ಗಳೆಲ್ಲ ಒಂದೇ ಅಲ್ಲ. ವಿ-ಬ್ರೇಕ್‌ಗೆ ಕೇಬಲ್ ಹೆಚ್ಚು ಎಳೆಯುವ ಲಿವರ್ ಬೇಕು, ಕ್ಯಾಲಿಪರ್ ಬ್ರೇಕ್‌ಗೆ ಕಡಿಮೆ ಎಳೆಯುವುದು. ಅದಲುಬದಲಾದರೆ ಅಪಾಯ: ವಿ-ಬ್ರೇಕಿನಲ್ಲಿ ಲಿವರ್ ಹ್ಯಾಂಡಲಿಗೆ ತಾಗಿದರೂ ಬ್ರೇಕ್ ಪೂರ್ತಿ ಹಿಡಿಯದಿರಬಹುದು, ಕ್ಯಾಲಿಪರಿನಲ್ಲಿ ಎಷ್ಟು ಒತ್ತಿದರೂ ಸೈಕಲ್ ಬೇಗ ನಿಲ್ಲದು.

ಶಿಫ್ಟರ್‌ಗಾಗಿ ಹಿಂದಿನ ಚಕ್ರದ ಹಲ್ಲಿನ ಬಿಲ್ಲೆಗಳನ್ನು ಎಣಿಸಿ. 7 ಇದ್ದರೆ 7 ಸ್ಪೀಡಿನದೇ ಕೊಳ್ಳಿ. ಕಂಪನಿಯನ್ನೂ ನೋಡಿ. ಶಿಮಾನೊ, ಸ್ರ್ಯಾಮ್ ಶಿಫ್ಟರ್‌ಗಳು ಒಂದು ಕ್ಲಿಕ್ಕಿಗೆ ಎಳೆಯುವ ಕೇಬಲ್ ಸಾಮಾನ್ಯವಾಗಿ ಬೇರೆ ಬೇರೆ. ಹೊಂದದಿದ್ದರೆ ಚೈನ್ ಗೇರಿಗೆ ಸರಿಯಾಗಿ ಕೂರದು. ಲಿವರ್, ಶಿಫ್ಟರ್ ಕೂಡಿಯೇ ಬಂದರೆ ಎರಡೂ ಹೊಂದಬೇಕು.

ಸಾಧ್ಯವಾದರೆ ಸೈಕಲನ್ನೇ ಅಂಗಡಿಗೆ ಒಯ್ಯಿರಿ. ಇಲ್ಲವೇ ಬ್ರೇಕ್, ಗೇರಿನ ಫೋಟೊ ಇಟ್ಟುಕೊಳ್ಳಿ. ಹೊಸದನ್ನು ಹಾಕಿಸಿದ ಮೇಲೆ ನಿಧಾನವಾಗಿ ಓಡಿಸಿ, ಬ್ರೇಕ್ ಹಿಡಿದು ನೋಡಿ, ಆಮೇಲೆ ರಸ್ತೆಗಿಳಿಯಿರಿ.