ಬೆಂಗಳೂರನ್ನು ಮೇಲಿನಿಂದ ಕಂಡ ಸಾಕ್ಷಿ

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನಿಂತವರಿಗೆ, ತಾವು ಧರ್ಮಾಂಬುಧಿ ಎಂಬ ಕೆರೆಯ ಅಂಗಳದಲ್ಲಿ ನಿಂತಿರುವೆವೆಂಬುದು ಹೊಳೆಯುವುದಿಲ್ಲ. ಊರು ಬೆಳೆದಂತೆ ತನ್ನ ಹಿಂದಿನ ರೂಪವನ್ನು ಮರೆಯುತ್ತದೆ. ಆದರೆ ಕಳೆದ ಆರು ದಶಕಗಳಿಂದ, ಊರು ಮರೆತುದನ್ನು ದಾಖಲಿಸುವ ಸಾಕ್ಷಿಯೊಂದು ನೆತ್ತಿಯ ಮೇಲಿದೆ. ಅದೇ ಕೃತಕ ಉಪಗ್ರಹ.

ಈ ಕೆಲಸ ಮೊದಲಾದುದು ವಿಜ್ಞಾನಕ್ಕಾಗಿ ಅಲ್ಲ, ಬೇಹುಗಾರಿಕೆಗಾಗಿ. ಅಮೆರಿಕದ ‘ಕೊರೋನಾ’ ಉಪಗ್ರಹಗಳು 1960ರಿಂದ 1972ರವರೆಗೆ ಗುಟ್ಟಾಗಿ ಭೂಮಿಯ ಚಿತ್ರಗಳನ್ನು ತೆಗೆದುವು. ಫಿಲ್ಮಿನ ಸುರುಳಿಯನ್ನು ಹೊತ್ತ ಪೆಟ್ಟಿಗೆ ಪ್ಯಾರಾಶೂಟಿನಲ್ಲಿ ತೇಲಿ ಬರುತ್ತಿರುವಾಗಲೇ ವಿಮಾನವೊಂದು ಅದನ್ನು ಕೊಕ್ಕೆ ಹಾಕಿ ಹಿಡಿಯುತ್ತಿತ್ತು! ಎಂಟು ಲಕ್ಷಕ್ಕೂ ಮಿಕ್ಕ ಆ ಚಿತ್ರಗಳನ್ನು ಬಹಿರಂಗಪಡಿಸುವ ನಿರ್ಧಾರವಾದುದು 1995ರಲ್ಲಿ. ವಿಜ್ಞಾನಕ್ಕೆಂದೇ ಸಿದ್ಧವಾದ ಲ್ಯಾಂಡ್‌ಸ್ಯಾಟ್ ಮಾಲೆಯ ಮೊದಲ ಉಪಗ್ರಹ 1972ರ ಜುಲೈಯಲ್ಲಿ ಮೇಲೇರಿತು; ನಮ್ಮ ದೇಶದ ಐ.ಆರ್.ಎಸ್.-1ಎ 1988ರಲ್ಲಿ.

ಈ ಚಿತ್ರಗಳನ್ನು ಓದುವ ಬಗೆ ಹೇಗೆ? ಹಸುರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೇರಳವಾಗಿ ಪ್ರತಿಫಲಿಸುತ್ತದೆ. ನೀರಾದರೋ ಆ ಕಿರಣಗಳನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಆದುದರಿಂದ ಅವಕೆಂಪಿನ ಚಿತ್ರದಲ್ಲಿ ತೋಪು ಬೆಳ್ಳಗೂ ಕೆರೆ ಕಪ್ಪಗೂ ಕಾಣುತ್ತವೆ. ಕಟ್ಟಡಗಳ ಬಣ್ಣ ಇವೆರಡಕ್ಕಿಂತ ಬೇರೆ. ಮೊದಲ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲೆ ಸುಮಾರು 80 ಮೀಟರು ಅಗಲದ್ದು. ಅದರಲ್ಲಿ ಒಂಟಿ ಮನೆ ಕಾಣದು. ಹೊಸ ಬಡಾವಣೆ ಕಾಣುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಬೇಸಗೆಯಲ್ಲಿ ಬತ್ತಿದ ಕೆರೆ ಬಯಲಿನಂತೆಯೂ, ಕೊಯ್ಲಾದ ಹೊಲ ಕೆಲವೊಮ್ಮೆ ಕಟ್ಟಡಗಳ ಪ್ರದೇಶದಂತೆಯೂ ತೋರಬಹುದು. ಮಳೆಗಾಲದ ಹಳೆಯ ಚಿತ್ರವನ್ನು ಬೇಸಗೆಯ ಹೊಸ ಚಿತ್ರದೊಡನೆ ಹೋಲಿಸಿ ‘ಕೆರೆ ಹೋಯಿತು’ ಎಂದರೆ ಅದು ಸುಳ್ಳು ಸಾಕ್ಷಿಯಾದೀತು. ಒಂದೇ ಋತುವಿನ, ಹಲವು ವರ್ಷಗಳ ಚಿತ್ರಗಳನ್ನು ಸಾಲಾಗಿಟ್ಟು ನೋಡಬೇಕು.

ಹೀಗೆ ನೋಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, 1973ರಲ್ಲಿ ಬೆಂಗಳೂರಿನ ಸುಮಾರು ಶೇಕಡ 8ರಷ್ಟಿದ್ದ ಕಟ್ಟಡ-ರಸ್ತೆಗಳ ನೆಲ 2010ರ ದಶಕದಲ್ಲಿ ಶೇಕಡ 70ನ್ನು ಮೀರಿತೆಂದು ಕಂಡುಕೊಂಡರು.

ಇದು ಬರಿಯ ಅಂಕಿಯಲ್ಲ. ಬೆಂಗಳೂರಿನ ಕೆರೆಗಳು ಬಿಡಿಬಿಡಿಯಾದುವಲ್ಲ. ಒಂದರ ಕೋಡಿ ಹರಿದು ರಾಜಕಾಲುವೆಯ ಮೂಲಕ ಮುಂದಿನದನ್ನು ಸೇರುತ್ತಿತ್ತು. ಕಾಲುವೆಯ ಮೇಲೆ ಮನೆ ಎದ್ದರೂ ನೀರಿಗೆ ಇಳಿಜಾರು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳು ಜಲಾವೃತವಾಗಿ, ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು.

ಧರ್ಮಾಂಬುಧಿಯು ಉಪಗ್ರಹಗಳು ಹುಟ್ಟುವ ಮುನ್ನವೇ ಬತ್ತಿತ್ತು. ಅದನ್ನು ಹಳೆಯ ಭೂಪಟಗಳಲ್ಲಿಯೇ ಹುಡುಕಬೇಕು. ಅನಂತರ ಮರೆಯಾದ ಕೆರೆಗಳಿಗಾದರೋ ಚಿತ್ರಗಳ ಸಾಕ್ಷ್ಯವಿದೆ. ಲ್ಯಾಂಡ್‌ಸ್ಯಾಟಿನ ಸಂಗ್ರಹ 2008ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ನಿವೇಶನ ಕೊಳ್ಳುವವರು ಕಾಗದಪತ್ರಗಳೊಡನೆ ಆ ನೆಲದ ಹಳೆಯ ಚಿತ್ರವನ್ನೂ ಒಮ್ಮೆ ನೋಡುವುದು ಒಳ್ಳೆಯದಲ್ಲವೇ?