ಬಿಡಿಭಾಗಗಳ ಖರೀದಿ: ಅಗ್ಗದ ಬೆಲೆಯೋ, ನಿಜವಾದ ಉಳಿತಾಯವೋ?

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ ಕೃಷಿಯೊಡನೆ ಪವರ್ ಟಿಲ್ಲರ್, ಡೀಸೆಲ್ ಪಂಪ್‌ಸೆಟ್, ಕಳೆ ಕೊಚ್ಚುವ ಯಂತ್ರ ಹಾಗೂ ಔಷಧಿ ಸಿಂಪಡಿಸುವ ಯಂತ್ರಗಳ ಬಳಕೆ ಹಬ್ಬಿದೆ. ಇವುಗಳನ್ನು ದುರಸ್ತಿ ಮಾಡುವ ಸಣ್ಣ ವರ್ಕ್‌ಶಾಪುಗಳ ಬಂಡವಾಳದ ಬಹುಪಾಲು ಬಿಡಿಭಾಗಗಳಲ್ಲಿಯೇ ತೊಡಗಿರುತ್ತದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ಯಂತ್ರ ನಿಂತರೆ ಬೆಳೆಗಾರರು ವಾರಗಟ್ಟಲೆ ಕಾಯಲಾರರು. ಆದುದರಿಂದ ಕಡಿಮೆ ವೆಚ್ಚದಲ್ಲಿ, ಸಕಾಲದಲ್ಲಿ ಬಿಡಿಭಾಗ ಒದಗಿಸಿಕೊಳ್ಳುವುದು ಈ ಉದ್ಯಮದ ಅಳಿವು ಉಳಿವಿನ ಪ್ರಶ್ನೆಯಾಗಿದೆ.

ಖರೀದಿಗೆ ಮುನ್ನ ಬಿಡಿಭಾಗಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿಕೊಳ್ಳುವುದು ಸೂಕ್ತ.

1. ಅಳತೆಯಿಂದ ಗುರುತಿಸಬಹುದಾದವು: ಬೇರಿಂಗ್, ಆಯಿಲ್ ಸೀಲ್, ವಿ-ಬೆಲ್ಟ್ ಇತ್ಯಾದಿ. 6204 ಸಂಖ್ಯೆಯ ಬೇರಿಂಗ್ ಯಾವ ತಯಾರಕರದಾದರೂ ಒಳವ್ಯಾಸ 20, ಹೊರವ್ಯಾಸ 47, ದಪ್ಪ 14 ಮಿ.ಮೀ. ಇರುತ್ತದೆ. ಇವನ್ನು ಎಂಜಿನ್ ಕಂಪನಿಯ ಪೊಟ್ಟಣದಲ್ಲಿಯೇ ಕೊಳ್ಳಬೇಕಾಗಿಲ್ಲ. ಶಿವಮೊಗ್ಗದ ಬೇರಿಂಗ್ ವ್ಯಾಪಾರಿಗಳಲ್ಲಿ ಉತ್ತಮ ಹೆಸರಿನ ಮಾಲನ್ನು ಸಂಖ್ಯೆ ಹೇಳಿ ಪಡೆಯಬಹುದು. ಸಂಖ್ಯೆಯ ನಂತರ ಬರುವ ಝಡ್‌ಝಡ್, ಸಿ3 ಮೊದಲಾದ ಗುರುತುಗಳನ್ನೂ ಹೊಂದಿಸತಕ್ಕದ್ದು.

2. ಎಂಜಿನ್ನಿನ ಜೀವಾಳವಾದವು: ಪಿಸ್ಟನ್, ರಿಂಗ್, ಕನೆಕ್ಟಿಂಗ್ ರಾಡ್, ಡೀಸೆಲ್ ನಾಝಲ್. ಇವುಗಳಲ್ಲಿ ಅಗ್ಗ ನೋಡುವುದು ಹಿತವಲ್ಲ. ಬೇಗ ಕೆಟ್ಟರೆ ಎರಡನೆಯ ಬಾರಿಯ ಕೂಲಿ ನಮ್ಮದೇ, ಕೆಡುವ ಹೆಸರೂ ನಮ್ಮದೇ.

3. ಹೊರಕವಚ, ಹಿಡಿಕೆ, ಫ್ಯಾನ್ ಕವರ್‌ನಂತಹವು: ಇವನ್ನು ಕೆಟ್ಟು ಬದಿಗಿಟ್ಟ ಯಂತ್ರಗಳಿಂದ ತೆಗೆದು ಬಳಸಿದರೂ ಬಾಧಕವಿಲ್ಲ. ಆದರೆ ಗ್ರಾಹಕರಿಗೆ ತಿಳಿಸಿಯೇ ಹಾಕುವುದು ಧರ್ಮ.

ಇನ್ನು ಬೆಲೆಯ ಲೆಕ್ಕ. ಉದಾಹರಣೆಗೆ, ಒಂದು ಬಿಡಿಭಾಗಕ್ಕೆ ಬಿಲ್ಲಿನೊಡನೆ ರೂ. 1,180, ಬಿಲ್ಲಿಲ್ಲದೆ ರೂ. 1,050 ಎಂದಿಟ್ಟುಕೊಳ್ಳೋಣ. ಮೇಲ್ನೋಟಕ್ಕೆ ರೂ. 130 ಉಳಿತಾಯ. ಆದರೆ ಬಿಲ್ಲಿನಲ್ಲಿರುವ ಶೇ. 18ರ ಜಿಎಸ್‌ಟಿ ರೂ. 180 ಇನ್‌ಪುಟ್ ತೆರಿಗೆಯಾಗಿ ಜಮೆ ದೊರೆಯುವುದರಿಂದ ನಿಜವಾದ ವೆಚ್ಚ ರೂ. 1,000 ಮಾತ್ರ, ಬಿಲ್ಲಿಲ್ಲದ ಮಾಲು ರೂ. 50 ದುಬಾರಿ! ಬಿಲ್ಲಿಲ್ಲದಿದ್ದರೆ ದೋಷವಿರುವ ಮಾಲನ್ನು ಹಿಂದಿರುಗಿಸಲೂ ಆಧಾರವಿರುವುದಿಲ್ಲ. ಮಾರಾಟಗಾರರು ರಿಟರ್ನ್ ಸಲ್ಲಿಸಿ, ಆ ಬಿಲ್ಲು ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡರೆ ಮಾತ್ರ ಈ ಜಮೆ ಲಭ್ಯವೆಂಬುದನ್ನು ಮರೆಯಬಾರದು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಜಮೆ ಇಲ್ಲ. ಅವರಿಗೆ ತೆರಿಗೆಯೂ ವೆಚ್ಚವೇ. ಜಿಎಸ್‌ಟಿ ದರಗಳು 2025ರ ಸೆಪ್ಟೆಂಬರ್ 22ರಿಂದ ಪರಿಷ್ಕರಣೆಯಾಗಿರುವುದರಿಂದ ಬಿಲ್ಲಿನಲ್ಲಿ ಹಾಕಿರುವ ದರವನ್ನೂ ಪರಿಶೀಲಿಸಬೇಕು.

ಸಾಗಣೆಯೂ ವೆಚ್ಚವೇ. ಬೆಂಗಳೂರಿನ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆಗಳಲ್ಲಿ ದರ ಕಡಿಮೆಯಿದ್ದರೂ, ರೂ. 150ರ ಸೀಲ್ ಒಂದಕ್ಕೆ ರೂ. 100 ಪಾರ್ಸಲ್ ಬಾಡಿಗೆ ತೆತ್ತರೆ ಲಾಭವೆಲ್ಲಿ? ಎರಡೂ ಊರುಗಳ ನಾಲ್ಕಾರು ವರ್ಕ್‌ಶಾಪಿನವರು ಬೇಡಿಕೆಯನ್ನು ಒಟ್ಟುಗೂಡಿಸಿ, ತಮ್ಮ ತಮ್ಮ ಹೆಸರಿನಲ್ಲಿ ಬಿಲ್ಲು ಪಡೆದು, ಒಂದೇ ಪಾರ್ಸಲಿನಲ್ಲಿ ತರಿಸಿಕೊಂಡರೆ ಬಾಡಿಗೆ ಹಂಚಿಹೋಗುತ್ತದೆ.

ಕೊನೆಯದಾಗಿ, ಯಾವ ಬಿಡಿಭಾಗ ಯಾವ ತಿಂಗಳಲ್ಲಿ ಎಷ್ಟು ಖರ್ಚಾಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ವರ್ಷದ ಬರಹವಿದ್ದರೆ ಮಳೆಗಾಲಕ್ಕೆ ಮೊದಲೇ ತರಿಸಬೇಕಾದುದು ಯಾವುದು, ಕಪಾಟಿನಲ್ಲಿ ಬಂಡವಾಳ ಕಟ್ಟಿಹಾಕಿ ಕುಳಿತಿರುವುದು ಯಾವುದು ಎಂಬುದು ತಾನಾಗಿಯೇ ಗೋಚರಿಸುತ್ತದೆ. ಕೊಳ್ಳುವಾಗ ಕೇಳಿದ ಬೆಲೆಯಲ್ಲ, ದುರಸ್ತಿ ಮುಗಿದು ಯಂತ್ರ ಮರಳಿ ಬಾರದಿದ್ದಾಗ ತಗಲಿದ ಒಟ್ಟು ವೆಚ್ಚವೇ ಬಿಡಿಭಾಗದ ನಿಜವಾದ ಬೆಲೆ.