ವಿದ್ಯುದ್ವಾದ್ಯದ ಕೇಬಲ್ಲೂ ಅದರ ನಾದಗುಣವೂ

೧. ವಿಷಯಪ್ರವೇಶ

ವೀಣೆ, ಸಿತಾರ್ ಮೊದಲಾದ ನಮ್ಮ ತಂತಿವಾದ್ಯಗಳಲ್ಲಿ ತಂತಿಯ ಕಂಪನವು ಕುದುರೆಯ ಮೂಲಕ ವಾದ್ಯದ ಒಡಲನ್ನು ಸೇರಿ, ಅಲ್ಲಿಂದ ಗಾಳಿಗೆ ಸಂಕ್ರಮಿಸಿ, ಶ್ರೋತೃಗಳ ಕಿವಿಯನ್ನು ಮುಟ್ಟುತ್ತದೆ. ವಾದಕನ ಕೈಯನ್ನು ಬಿಟ್ಟರೆ ನಾದಗುಣವನ್ನು ನಿರ್ಣಯಿಸುವವು ಮುಖ್ಯವಾಗಿ ಈ ಮೂರೇ: ತಂತಿ, ಕುದುರೆ, ಒಡಲು. ವಿದ್ಯುದ್ಗಿಟಾರಿನಲ್ಲಾದರೋ ಕ್ರಮವೇ ಬೇರೆ. ಅಲ್ಲಿ ತಂತಿಯ ಕಂಪನವು ವಾದ್ಯದಲ್ಲಿಯೇ ವಿದ್ಯುತ್ತಿನ ರೂಪವನ್ನು ತಾಳಿ, ಒಂದು ಕೇಬಲ್ಲಿನ ದಾರಿಯಾಗಿ ಆಂಪ್ಲಿಫೈಯರನ್ನು ಸೇರಿ, ಕೊನೆಗೆ ಸ್ಪೀಕರಿನಲ್ಲಿ ಮರಳಿ ಶಬ್ದವಾಗುತ್ತದೆ. ಈ ನಡುವಣ ಕೇಬಲ್ಲು ಬರಿಯ ದಾರಿಯೋ, ಅಥವಾ ವಾದ್ಯದ ಒಂದು ಅಂಗವೋ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಈ ವಿಚಾರವು ಕೇವಲ ಕುತೂಹಲಕ್ಕೆ ಸೇರಿದುದಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯಂತಹ ಬಡಾವಣೆಗಳಲ್ಲಿ ಉತ್ಸವಕಾಲದ ಪೆಂಡಾಲುಗಳಲ್ಲಿ ಬಾರಿಸುವ ವಾದಕನಿಗೆ ದೊರೆಯುವ ಸಂಭಾವನೆ ಅಲ್ಪ. ಅವನ ಮುಂದೆ ಎರಡು ಬಗೆಯ ಮಾತುಗಳಿವೆ. ಚೊಕ್ಕ ತಾಮ್ರ, ಚಿನ್ನದ ಲೇಪ, ಮೈಮೇಲಿನ ಬಾಣದ ಗುರುತು ಇವುಗಳಿಂದ ನಾದವು ಉಜ್ಜ್ವಲವಾಗುವುದೆಂದು ಮಾರಾಟಗಾರರು ಹೇಳುತ್ತಾರೆ; ಕೇಬಲ್ಲುಗಳೆಲ್ಲವೂ ಒಂದೇ ಎಂದು ಇತರರು ಹೇಳುತ್ತಾರೆ. ಈ ಎರಡು ಮಾತುಗಳೂ ಪರೀಕ್ಷೆಗೆ ನಿಲ್ಲತಕ್ಕವಲ್ಲ. ಕೇಬಲ್ಲಿನಿಂದ ನಾದಗುಣವು ಬದಲಾಗುವುದು ನಿಜ. ಆದರೆ ಬದಲಾವಣೆಗೆ ಕಾರಣವಾದುದು ಅದರ ಲೋಹವಲ್ಲ, ಅದರ ವಿದ್ಯುದ್ಧಾರಣಶಕ್ತಿ. ಆ ಬದಲಾವಣೆಯ ಸ್ವರೂಪವಾದರೂ ವಾದ್ಯದಲ್ಲಿರುವ ಪಿಕಪ್ಪನ್ನು ಅವಲಂಬಿಸಿರುತ್ತದೆ.

೨. ಪೂರ್ವವೃತ್ತಾಂತ

ಈ ಪ್ರಶ್ನೆಯು ಮೊದಲು ತಲೆದೋರಿದುದು ಸಂಗೀತದಲ್ಲಿ ಅಲ್ಲ, ತಂತಿವರ್ತಮಾನದಲ್ಲಿ. ಸಮುದ್ರದೊಳಗೂ ನೆಲದೊಳಗೂ ಹೂಳಿದ ಕೇಬಲ್ಲುಗಳಲ್ಲಿ ಸಂಕೇತಗಳು ಮಸುಕಾಗಿ, ತಡವಾಗಿ ಬರುತ್ತಿದ್ದುವು. ಒಳಗಿನ ತಾಮ್ರ, ಹೊರಗಿನ ನೀರು, ನಡುವಣ ಅವಾಹಕ ಪದಾರ್ಥ ಇವು ಕೂಡಿ ಲೈಡನ್ ಜಾಡಿಯಂತೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವುದೇ ಇದಕ್ಕೆ ಕಾರಣವೆಂದು ಮೈಕೆಲ್ ಫ್ಯಾರಡೆಯು ೧೮೫೪ರಲ್ಲಿ ವಿವರಿಸಿದನು. ೧೮೭೦ರಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಸಮುದ್ರಮಾರ್ಗದ ತಂತಿಸಂಪರ್ಕವು ಏರ್ಪಟ್ಟಾಗಲೂ ಶಿಲ್ಪಿಗಳು ಎದುರಿಸಬೇಕಾಗಿದ್ದುದು ಈ ಗುಣವನ್ನೇ. ಅಮೆರಿಕೆಯಲ್ಲಿ ಜಾರ್ಜ್ ಬೋಶಾಂಪನ ವಿದ್ಯುದ್ಗಿಟಾರಿಗೆ ೧೯೩೭ರಲ್ಲಿ ಪೇಟೆಂಟು ದೊರೆಯಿತು. ಅಂತಹ ವಾದ್ಯಗಳ ಕೇಬಲ್ಲಿನ ತುದಿಯಲ್ಲಿ ಇಂದಿಗೂ ಕಾಣುವ ಕಾಲಂಗುಲದ ಪ್ಲಗ್ಗು ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆಗಳಿಂದ ಬಂದುದಾಗಿದೆ. ಪ್ಲಗ್ಗಿನೊಡನೆ ಹಳೆಯ ಸಮಸ್ಯೆಯೂ ಬಂದಿತೆಂದರೆ ತಪ್ಪಾಗದು.

೩. ಪಿಕಪ್ಪೂ ಕೇಬಲ್ಲೂ ಕೂಡಿ ಮಾಡುವ ಕೆಲಸ

ಗಿಟಾರಿನ ಪಿಕಪ್ಪಿನಲ್ಲಿ ಅಯಸ್ಕಾಂತವೂ ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಉಕ್ಕಿನ ತಂತಿಯು ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇಷ್ಟು ಸುತ್ತುಗಳಿರುವುದರಿಂದ ಸುರುಳಿಯ ಪ್ರೇರಕತೆಯು ದೊಡ್ಡದು. ಸಾಮಾನ್ಯವಾಗಿ ೨ರಿಂದ ೫ ಹೆನ್ರಿಗಳು. ಕೇಬಲ್ಲಿನಲ್ಲಿ ನಡುವೆ ಒಂದು ತಾಮ್ರದ ಎಳೆ, ಅದರ ಸುತ್ತ ಅವಾಹಕ, ಅದರ ಮೇಲೆ ಹೆಣೆದ ತಾಮ್ರದ ಕವಚ ಇರುವುದರಿಂದ ಅದೂ ಒಂದು ಉದ್ದನೆಯ ಲೈಡನ್ ಜಾಡಿಯೇ. ಅದರ ಧಾರಣಶಕ್ತಿಯು ಮೀಟರಿಗೆ ಸುಮಾರು ೧೦೦ ಪಿಕೊಫ್ಯಾರಡ್.

ಪ್ರೇರಕತೆ, ಧಾರಣಶಕ್ತಿ ಎರಡೂ ಸೇರಿದಲ್ಲಿ ಅನುರಣನವುಂಟಾಗುವುದು ಭೌತವಿಜ್ಞಾನದ ನಿಯಮ. ತೊಟ್ಟಿಲಿಗೆ ತನ್ನದೇ ಆದ ತೂಗುಗತಿಯಿರುವಂತೆ ಈ ಮಂಡಲಕ್ಕೂ ತನ್ನದೇ ಆದ ಕಂಪನಸಂಖ್ಯೆಯಿರುತ್ತದೆ. ಅದರ ಸಮೀಪದ ಸ್ವರಗಳು ಎದ್ದು ಕೇಳಿಸುತ್ತವೆ. ಅದಕ್ಕಿಂತ ಮೇಲಿನವು ಬೇಗನೆ ಕ್ಷೀಣಿಸುತ್ತವೆ. ತೊಟ್ಟಿಲಿನ ಹಗ್ಗವನ್ನು ನಾಲ್ಕು ಪಾಲು ಉದ್ದಮಾಡಿದರೆ ತೂಗು ಅರ್ಧದಷ್ಟು ನಿಧಾನವಾಗುವುದು. ಹಾಗೆಯೇ ಧಾರಣಶಕ್ತಿಯನ್ನು ನಾಲ್ಕು ಪಾಲು ಹೆಚ್ಚಿಸಿದರೆ ಅನುರಣನದ ಕಂಪನಸಂಖ್ಯೆಯು ಅರ್ಧಕ್ಕೆ ಇಳಿಯುವುದು.

ಒಂದು ಲೆಕ್ಕವನ್ನು ನೋಡಬಹುದು. ಪಿಕಪ್ಪಿನ ಪ್ರೇರಕತೆ ೨.೫ ಹೆನ್ರಿ, ಸುರುಳಿಯ ಸ್ವಂತ ಧಾರಣಶಕ್ತಿ ೧೦೦ ಪಿಕೊಫ್ಯಾರಡ್ ಎಂದಿಟ್ಟುಕೊಂಡರೆ,

೩ ಮೀಟರ್ ಕೇಬಲ್ಲು: ಒಟ್ಟು ೪೦೦ ಪಿಕೊಫ್ಯಾರಡ್; ಅನುರಣನ ಸೆಕೆಂಡಿಗೆ ಸುಮಾರು ೫೦೦೦ ಕಂಪನ.
೬ ಮೀಟರ್ ಕೇಬಲ್ಲು: ಒಟ್ಟು ೭೦೦ ಪಿಕೊಫ್ಯಾರಡ್, ಸುಮಾರು ೩೮೦೦ ಕಂಪನ.
೧೫ ಮೀಟರ್ ಕೇಬಲ್ಲು: ಒಟ್ಟು ೧೬೦೦ ಪಿಕೊಫ್ಯಾರಡ್, ಸುಮಾರು ೨೫೦೦ ಕಂಪನ.

ಎಂದರೆ ೩ ಮೀಟರಿನ ಬದಲು ೧೫ ಮೀಟರಿನ ಕೇಬಲ್ಲನ್ನು ಹಾಕಿದಲ್ಲಿ ಅನುರಣನವು ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಗಿಟಾರಿನ ಅತ್ಯುಚ್ಚ ಸ್ವರದ ಮೂಲಕಂಪನವು ಸುಮಾರು ೧೩೦೦ ಮಾತ್ರವಾದುದರಿಂದ ಯಾವ ಸ್ವರವೂ ಲುಪ್ತವಾಗುವುದಿಲ್ಲ. ನಷ್ಟವಾಗುವುವು ಮೂಲಸ್ವರದೊಡನೆ ತಾವಾಗಿಯೇ ಹುಟ್ಟುವ ಸ್ವಯಂಭೂ ಸ್ವರಗಳು. ಮನುಷ್ಯನ ಕಿವಿಯು ಅತಿ ಚುರುಕಾಗಿರುವುದು ೨೦೦೦ದಿಂದ ೫೦೦೦ ಕಂಪನಗಳ ನಡುವೆ. ಮೇಲಿನ ಬದಲಾವಣೆಯೂ ಅಲ್ಲಿಯೇ ನಡೆಯುವುದರಿಂದ ಅದು ಯಾರಿಗಾದರೂ ಕೇಳಿಸತಕ್ಕದ್ದು.

ವಾದಕನು ಗಿಟಾರಿನ ಧ್ವನಿನಿಯಂತ್ರಕವನ್ನು ತಗ್ಗಿಸಿದಾಗ ಈ ಪರಿಣಾಮವು ಇನ್ನೂ ಹೆಚ್ಚುವುದು. ೨,೫೦,೦೦೦ ಓಮಿನ ನಿಯಂತ್ರಕವು ನಡುವೆ ನಿಂತಾಗ ಸುಮಾರು ೬೨,೫೦೦ ಓಮಿನ ರೋಧವು ಕೇಬಲ್ಲಿನ ಮುಂದೆ ಬಂದು ನಿಲ್ಲುತ್ತದೆ. ಆಗ ೬ ಮೀಟರಿನಲ್ಲಿ ೪೨೦೦ ಕಂಪನದಿಂದಲೂ, ೧೫ ಮೀಟರಿನಲ್ಲಿ ೧೭೦೦ ಕಂಪನದಿಂದಲೂ ಮೇಲಿನ ಸ್ವರಗಳು ಕುಗ್ಗತೊಡಗುತ್ತವೆ. ಮೆಲ್ಲನೆ ನುಡಿಸಿದಾಗ ಗಿಟಾರು ಕಂಬಳಿ ಹೊದ್ದಂತೆ ಕೇಳಿಸುವುದೆಂಬ ದೂರಿಗೆ ಇದೇ ಮೂಲ. ನಿಯಂತ್ರಕಕ್ಕೆ ಅಡ್ಡಲಾಗಿ ಸಣ್ಣದೊಂದು ಕೆಪ್ಯಾಸಿಟರನ್ನು ಬೆಸೆಯುವುದು ಇದಕ್ಕೆ ರೂಢಿಯಲ್ಲಿರುವ ಪರಿಹಾರ.

ಮಸುಕು ಯಾವಾಗಲೂ ದೋಷವೆಂದು ಹೇಳಲಾಗದು. ೧೯೬೦ರ ದಶಕದಲ್ಲಿ ಜಿಮಿ ಹೆಂಡ್ರಿಕ್ಸ್ ಮೊದಲಾದವರು ಬಳಸಿದ ಸುರುಳಿ ಕೇಬಲ್ಲುಗಳ ಧಾರಣಶಕ್ತಿಯು ಬಹಳ ಹೆಚ್ಚು; ತೀಕ್ಷ್ಣವಾದ ಪಿಕಪ್ಪನ್ನು ಅವು ಮೃದುಗೊಳಿಸುತ್ತಿದ್ದುವು.

೪. ಲೋಹದ ವಿಚಾರ

ಹದಿನೈದು ಮೀಟರ್ ಕೇಬಲ್ಲಿನ ರೋಧವು ಕೆಲವೇ ಓಮುಗಳು. ಪಿಕಪ್ಪಿನ ಸುರುಳಿಯ ರೋಧವೇ ಸುಮಾರು ೬೦೦೦ ಓಮ್. ಆಂಪ್ಲಿಫೈಯರಿನ ಬಾಗಿಲಲ್ಲಿ ಸಾಮಾನ್ಯವಾಗಿ ೧೦ ಲಕ್ಷ ಓಮ್. ಹೀಗಿರುವಲ್ಲಿ ತಾಮ್ರವು ಇನ್ನಷ್ಟು ಶುದ್ಧವಾದುದರಿಂದ ಉಳಿಯುವ ಅತ್ಯಲ್ಪ ರೋಧವು ಕಿವಿಗೆ ತಿಳಿಯುವ ಸಂಭವವಿಲ್ಲ. ಚಿನ್ನದ ಲೇಪವು ಪ್ಲಗ್ಗಿಗೆ ಕಿಲುಬು ಹಿಡಿಯದಂತೆ ಕಾಯುತ್ತದೆ. ನಾದಕ್ಕೆ ಬಣ್ಣ ಕೊಡುವುದಿಲ್ಲ. ವಾದ್ಯದ ಸಂಕೇತವು ಎರಡು ದಿಕ್ಕಿಗೂ ಪರ್ಯಾಯವಾಗಿ ಹರಿಯುವ ವಿದ್ಯುತ್ತಾದುದರಿಂದ ಸಾಮಾನ್ಯ ಕೇಬಲ್ಲಿನ ಮೇಲಿನ ಬಾಣಕ್ಕೂ ನಾದಕ್ಕೂ ಸಂಬಂಧವಿಲ್ಲ. ಹಣ ಕೊಡಲು ಯೋಗ್ಯವಾದುವು ಬೇರೆ: ದಟ್ಟವಾಗಿ ಹೆಣೆದ ಕವಚ, ಗಟ್ಟಿಯಾದ ಬೆಸುಗೆ, ಎಳೆತವನ್ನು ತಡೆಯುವ ಪ್ಲಗ್ಗು, ಕೇಬಲ್ಲನ್ನು ತುಳಿದಾಗ ಹುಟ್ಟುವ ಚಟಪಟ ಶಬ್ದವನ್ನು ಅಡಗಿಸುವ ವಾಹಕ ಪದರ.

೫. ವೀಣೆಯಲ್ಲಿ ವಿಪರ್ಯಯ

ಇದೇ ಕೇಬಲ್ಲನ್ನು ವೀಣೆಗೆ ಜೋಡಿಸಿದಾಗ ಫಲವು ಬೇರೆಯಾಗುವುದು ಗಮನಾರ್ಹ. ವೀಣೆಯ ಬಾಗಿದ ಕುದುರೆಯ ಮೇಲೆ ತಂತಿಯು ಸವರಿ ನಿಲ್ಲುವುದರಿಂದ, ಮೀಟಿದ ಸ್ಥಳದ ನಿಯಮಕ್ಕೆ ವಿರುದ್ಧವಾಗಿಯೂ ಸ್ವಯಂಭೂ ಸ್ವರಗಳು ಹುಟ್ಟುವುವೆಂದು ಸಿ. ವಿ. ರಾಮನ್ನರು ೧೯೨೧ರಲ್ಲಿ ತೋರಿಸಿಕೊಟ್ಟರು. ಮುಂದೆ ೧೯೩೩ರಲ್ಲಿ ಅವರು ಬೆಂಗಳೂರಿನ ವಿಜ್ಞಾನಮಂದಿರದ ನಿರ್ದೇಶಕರಾಗಿ ಬಂದರು. ಈ ಸ್ವರಸಮೃದ್ಧಿಯೇ ವೀಣೆಯ ಜೀವಾಳ. ಇಂದಿನ ಕಚೇರಿಗಳಲ್ಲಿ ವೀಣೆಗೆ ಅಂಟಿಸುವ ಸ್ಪರ್ಶಪಿಕಪ್ಪಿನಲ್ಲಿ ಅನೇಕವೇಳೆ ಅಯಸ್ಕಾಂತವಿರುವುದಿಲ್ಲ. ಒತ್ತಿದರೆ ವಿದ್ಯುತ್ತನ್ನು ಕೊಡುವ ಪೀಜೋ ಬಿಲ್ಲೆಯಿರುತ್ತದೆ. ಅದು ತಾನೇ ಒಂದು ಧಾರಕ. ಆದುದರಿಂದ ಕೇಬಲ್ಲಿನ ಧಾರಣಶಕ್ತಿಯು ಅದರೊಡನೆ ಅನುರಣಿಸದೆ, ಅದರ ವಿದ್ಯುತ್ತಿನಲ್ಲಿ ಪಾಲು ಕೇಳುತ್ತದೆ. ೧೦೦೦ ಪಿಕೊಫ್ಯಾರಡ್ಡಿನ ಪಿಕಪ್ಪಿಗೆ ೩ ಮೀಟರ್ ಕೇಬಲ್ಲಾದರೆ ನೂರಕ್ಕೆ ೭೭ರಷ್ಟೂ, ೧೫ ಮೀಟರಾದರೆ ೪೦ರಷ್ಟೂ ಸಂಕೇತ ಉಳಿಯುತ್ತದೆ. ಧ್ವನಿಯು ಕುಗ್ಗುವುದೇ ಹೊರತು ಮಸುಕಾಗುವುದಿಲ್ಲ. ವೀಣೆಯ ನಾದವು ತೆಳುವಾಗುವುದಕ್ಕೆ ಕಾರಣವು ಬೇರೆ: ೧೦ ಲಕ್ಷ ಓಮಿನ ಆಂಪ್ಲಿಫೈಯರಿನಲ್ಲಿ ಇಂತಹ ಪಿಕಪ್ಪು ತಾನೊಂದೇ ಆದರೆ ೧೬೦ ಕಂಪನಕ್ಕಿಂತ ಕೆಳಗಿನ ಸ್ವರಗಳು ಕ್ಷೀಣಿಸುತ್ತವೆ, ಅನುಮಂದ್ರದ ತಂತಿಯು ಅಲ್ಲಿಯೇ ಸೊರಗುತ್ತದೆ. ಅದಕ್ಕೆ ಬೇಕಾದುದು ಬೆಲೆಬಾಳುವ ಕೇಬಲ್ಲಲ್ಲ, ಪ್ರವೇಶರೋಧವು ಹೆಚ್ಚಾಗಿರುವ ಪ್ರೀಆಂಪ್ಲಿಫೈಯರು.

೬. ವ್ಯವಹಾರದಲ್ಲಿ

ಈಗ ಪೆಂಡಾಲಿನ ವಿಷಯಕ್ಕೆ ಬರೋಣ. ವೇದಿಕೆಯಿಂದ ಧ್ವನಿವರ್ಧಕದವರ ಮೇಜಿಗೆ ಹದಿನೈದಿಪ್ಪತ್ತು ಮೀಟರ್ ದೂರ. ನಡುವೆ ದೀಪದ ಸರಗಳು, ಜನರೇಟರಿನ ತಂತಿಗಳು. ಗಿಟಾರಿನ ಕೇಬಲ್ಲನ್ನು ಅಷ್ಟು ದೂರ ಎಳೆದರೆ ನಾದವೂ ಮಸುಕಾಗುವುದು, ದೀಪದ ತಂತಿಗಳ ೫೦ ಕಂಪನದ ಗುಂಯ್‌ಗುಡುವಿಕೆಯೂ ಸೇರುವುದು. ಆಕಾಶವಾಣಿಯ ಸ್ಟುಡಿಯೋಗಳಲ್ಲಿ ಮೈಕಿನ ಕೇಬಲ್ಲುಗಳು ಎಷ್ಟು ಉದ್ದವಾದರೂ ಹೀಗಾಗದಿರಲು ಕಾರಣ, ಅಲ್ಲಿನ ಮೂಲರೋಧವು ಕೆಲವು ನೂರು ಓಮುಗಳಷ್ಟೇ ಆಗಿದ್ದು, ಸಂಕೇತವು ಎರಡು ಎಳೆಗಳಲ್ಲಿ ಸಮತೂಕವಾಗಿ ಸಾಗುವುದು. ಗಿಟಾರಿಗೂ ಇದೇ ಉಪಾಯ ಸಲ್ಲುತ್ತದೆ. ವಾದ್ಯದಿಂದ ೩ ಮೀಟರಿನ ಕೇಬಲ್ಲು ಬಂದು ವೇದಿಕೆಯ ಮೇಲೆಯೇ ಒಂದು ಬಫರನ್ನೋ ಡಿ. ಐ. ಪೆಟ್ಟಿಗೆಯನ್ನೋ ಸೇರಲಿ, ಅಲ್ಲಿಂದ ಮುಂದೆ ಮೈಕಿನ ಕೇಬಲ್ಲು ಸಾಗಲಿ. ಬಫರಿನ ರೋಧವು ೧೦೦೦ ಓಮ್ ಇದ್ದರೂ ೧೫ ಮೀಟರ್ ಕೇಬಲ್ಲಿನಲ್ಲಿ ಕುಗ್ಗುವಿಕೆಯು ಆರಂಭವಾಗುವುದು ಲಕ್ಷಕ್ಕೂ ಮೇಲಿನ ಕಂಪನಗಳಲ್ಲಿ. ಅದು ಮನುಷ್ಯನ ಕಿವಿಗೆ ನಿಲುಕತಕ್ಕದ್ದಲ್ಲ. ದೀಪದ ತಂತಿಗಳನ್ನು ದಾಟಬೇಕಾದಲ್ಲಿ ಅಡ್ಡವಾಗಿ ದಾಟಬೇಕು. ಅವುಗಳ ಜೊತೆಯಲ್ಲಿ ಸಮಾಂತರವಾಗಿ ಹಾಯಿಸಬಾರದು. ಸ್ಪೀಕರಿನ ವೈರನ್ನು ವಾದ್ಯಕ್ಕೆ ಎಂದಿಗೂ ಬಳಸಬಾರದು, ಅದಕ್ಕೆ ಕವಚವಿಲ್ಲ.

ಸಂಶಯವುಳ್ಳವರು ತಾವೇ ಪರೀಕ್ಷಿಸಬಹುದು. ವಾದಕನಿಗೆ ಕಾಣದಂತೆ ಇನ್ನೊಬ್ಬನು ಕೇಬಲ್ಲುಗಳನ್ನು ಹತ್ತು ಬಾರಿ ಮನಬಂದಂತೆ ಬದಲಾಯಿಸಲಿ. ವಾದಕನು ಯಾವುದೆಂದು ಹೇಳಿ ಬರೆಯಿಸಲಿ. ೩ ಮೀಟರು ೧೫ ಮೀಟರುಗಳ ಭೇದವು ಸುಲಭವಾಗಿ ಹೊರಪಡುವುದು. ಒಂದೇ ಉದ್ದದ, ಒಂದೇ ಧಾರಣಶಕ್ತಿಯ ಎರಡು ಕೇಬಲ್ಲುಗಳಲ್ಲಿ ಅಗ್ಗದ್ದು ಯಾವುದು, ದುಬಾರಿಯದು ಯಾವುದು ಎಂಬ ಉತ್ತರವು ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತವಾದಲ್ಲಿ, ಬೆಲೆಯ ಪ್ರಶ್ನೆಯೂ ಅಲ್ಲಿಗೆ ತೀರಿದಂತಾಯಿತು.

೭. ಉಪಸಂಹಾರ

ಮೇಲ್ಕಂಡ ವಿಚಾರದಿಂದ ಸಿದ್ಧವಾಗುವುದು ಇಷ್ಟು: ವಿದ್ಯುದ್ಗಿಟಾರಿನ ಕೇಬಲ್ಲು ಪಿಕಪ್ಪಿನೊಡನೆ ಕೂಡಿ ವಾದ್ಯದ ಒಂದು ಅಂಗವೇ ಆಗುತ್ತದೆ; ಕೊಳ್ಳುವವನು ಕೇಳಬೇಕಾದ ಮೊದಲ ಎರಡು ಪ್ರಶ್ನೆಗಳು ಅದರ ಉದ್ದವೆಷ್ಟು, ಮೀಟರಿಗೆ ಅದರ ಧಾರಣಶಕ್ತಿಯೆಷ್ಟು ಎಂಬಿವೇ. ಇವೆರಡನ್ನು ತಿಳಿದ ಬಡವಾದಕನು ಸಾಧಾರಣ ಬೆಲೆಯ, ಗಿಡ್ಡನೆಯ, ಬೆಸುಗೆ ಗಟ್ಟಿಯಾದ ಕೇಬಲ್ಲಿನಿಂದಲೇ ತನ್ನ ವಾದ್ಯದ ಪೂರ್ಣನಾದವನ್ನು ಪಡೆಯಬಲ್ಲನು. ಉಳಿದ ಹಣವನ್ನು ಹೊಸ ತಂತಿಗಳಿಗೆ ವಿನಿಯೋಗಿಸಿದರೆ ಅದರ ಫಲವು ಶ್ರೋತೃಗಳಿಗೂ ತಿಳಿಯುವುದು.